ಸಾರಿನಲ್ಲಿ ಮಾತ್ರೆ ಬೆರೆಸಿ ಕುಡಿತ ಬಿಡಿಸಬಹುದಾ?

ಪ್ರಶ್ನೆ: ನಮ್ಮ ಯಜಮಾನರು ದಿನಾ ಎರಡು ಕ್ವಾರ್ಟರ್ ಕುಡಿಯುತ್ತಾರೆ. ಆಸ್ಪತ್ರೆಗೆ ಕರೆದರೆ ಬರುವುದಿಲ್ಲ. ಕುಡಿತ ಬಿಡಿಸುವ ಮಾತ್ರೆಯನ್ನು ಪುಡಿ ಮಾಡಿ, ಅವರಿಗೆ ಗೊತ್ತಾಗದ ಹಾಗೆ ಸಾರಿಗೆ ಹಾಕಬಹುದಾ?

ದಯವಿಟ್ಟು ಹಾಕಬೇಡಿ. ಬೇರೆ ದಾರಿ ಕಾಣದೆ ಕೇಳುತ್ತಿದ್ದೀರಿ ಅಂತ ಗೊತ್ತು. ಆದರೂ ಬೇಡ.

ಆ ಮಾತ್ರೆಯ ಹೆಸರು ಡೈಸಲ್ಫಿರಾಮ್. ಮದ್ಯ ಮೈಯೊಳಗೆ ಕರಗುವಾಗ ಅಸಿಟಾಲ್ಡಿಹೈಡ್ ಎಂಬ ವಿಷ ಹುಟ್ಟುತ್ತದೆ. ಅದನ್ನು ಮುಂದೆ ಕರಗಿಸುವ ಕಿಣ್ವವನ್ನು ಈ ಮಾತ್ರೆ ತಡೆದುಬಿಡುತ್ತದೆ. ಆಮೇಲೆ ಒಂದು ಗುಟುಕು ಕುಡಿದರೂ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಡವಡವ ಎನ್ನುತ್ತದೆ. ಬಿಪಿ ಕುಸಿದು ಜೀವ ಹೋಗಲೂಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಸುಮಾರು ಎರಡು ವಾರ ಈ ಅಪಾಯ ಇರುತ್ತದೆ. ವಿಷಯ ಗೊತ್ತಿದ್ದವರು ಬಾಟಲಿ ಮುಟ್ಟಲು ಹೆದರುತ್ತಾರೆ, ಔಷಧಿ ಕೆಲಸ ಮಾಡುವುದೇ ಹಾಗೆ. ಗೊತ್ತಿಲ್ಲದವರು ಎಂದಿನಂತೆ ಕುಡಿಯುತ್ತಾರೆ.

ನನಗೆ ಇದಕ್ಕಿಂತ ಜಾಸ್ತಿ ಹೆದರಿಕೆ ಇರುವುದು ಇನ್ನೊಂದು ವಿಷಯಕ್ಕೆ. ಬೆಳಗ್ಗೆ ಅವರು ಕಾಫಿ ಲೋಟ ಹಿಡಿದಾಗ ಕೈ ನೋಡಿ. ನಡುಗುತ್ತದಾ? ಎರಡು ಕೈ ಸೇರಿಸಿದರೂ ಕಾಫಿ ಚೆಲ್ಲುತ್ತದಾ? ಹಾಗಿದ್ದರೆ ಅವರು ಮನೆಯಲ್ಲಿ ಒಮ್ಮೆಲೇ ಕುಡಿತ ನಿಲ್ಲಿಸುವುದೂ ಅಪಾಯ. ದೇವರ ಮೇಲೆ ಆಣೆ ಮಾಡಿಯೋ, ಮಾಲೆ ಹಾಕಿಯೋ ಥಟ್ಟನೆ ಬಿಡುವವರು ಇದ್ದಾರೆ. ಅವರ ಮನಸ್ಸು ಒಳ್ಳೆಯದೇ. ಆದರೆ ಎರಡು ಕ್ವಾರ್ಟರಿನಲ್ಲಿ ಸುಮಾರು 120 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ, ಮಿದುಳು ಅದಕ್ಕೆ ಒಗ್ಗಿಹೋಗಿರುತ್ತದೆ. ಕೊನೆಯ ಪೆಗ್ಗಿನ ನಂತರ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಕೆಲವರಿಗೆ ಹಗಲು ರಾತ್ರಿ ತಿಳಿಯುವುದಿಲ್ಲ, ಹೊದಿಕೆ ಮೇಲೆ ಇಲ್ಲದ ಇರುವೆಗಳನ್ನು ಹೆಕ್ಕುತ್ತಾರೆ. ಇದನ್ನು ಗಾಳಿ ಸೋಕಿದೆ ಅಂತ ತಿಳಿದು ಮಂತ್ರ ಹಾಕಿಸುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ.

ಆಸ್ಪತ್ರೆಯಲ್ಲಿ ಈ ಘಟ್ಟಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಲೋರಾಜೆಪಾಮ್ ಎಂಬ, ಮಿದುಳನ್ನು ಶಾಂತಗೊಳಿಸುವ ಔಷಧಿ ಕೊಟ್ಟು, ಸುಮಾರು ಒಂದು ವಾರದಲ್ಲಿ ಅದರ ಪ್ರಮಾಣ ಇಳಿಸುತ್ತಾ ಬರುತ್ತಾರೆ. ಜೊತೆಗೆ ಥಯಮಿನ್, ಅಂದರೆ ಬಿ1 ಇಂಜೆಕ್ಷನ್. 'ಒಂದು ಬಾಟಲ್ ಗ್ಲೂಕೋಸ್ ಹಾಕಿಸಿದರೆ ಸರಿಹೋಗ್ತಾರೆ' ಅನ್ನುವ ಮಾತು ನಂಬಬೇಡಿ. ಬಿ1 ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟಾಗಬಹುದು. ಆಮೇಲೆ ಆಸೆ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಇವೆ. ಅವರೇ ಒಪ್ಪಿದರೆ ಡೈಸಲ್ಫಿರಾಮ್ ಕೂಡ ಉಂಟು. ಮತ್ತೆ ಕುಡಿದರೆ ಚಿಕಿತ್ಸೆ ದಂಡ ಅಂತ ಅಂದುಕೊಳ್ಳಬೇಡಿ, ಮತ್ತೆ ಕರೆದುಕೊಂಡು ಹೋಗಿ.

'ಗಾಂಜಾ, ಅಫೀಮು ಏನೂ ಅಲ್ವಲ್ಲ, ಬರೀ ಎಣ್ಣೆ' ಅಂತ ಅವರು ಹೇಳಬಹುದು. 2010ರಲ್ಲಿ ಬ್ರಿಟನ್ನಿನ ವಿಜ್ಞಾನಿ ಡೇವಿಡ್ ನಟ್ ಮತ್ತು ಸಂಗಡಿಗರು 20 ಮಾದಕ ವಸ್ತುಗಳ ಹಾನಿಯನ್ನು ನೂರಕ್ಕೆ ಇಷ್ಟು ಅಂತ ಅಳೆದರು. ಮದ್ಯಕ್ಕೆ 72, ಹೆರಾಯಿನ್‌ಗೆ 55. ಮದ್ಯದ ಅಂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಬಂದದ್ದು ಕುಡಿಯುವವರಿಗಲ್ಲ, ಬೇರೆಯವರಿಗೆ ಆಗುವ ಹಾನಿಯಿಂದ. ನೀವು, ಮಕ್ಕಳು ಪಡುವ ಪಾಡೂ ಆ ಲೆಕ್ಕದಲ್ಲಿದೆ.

ಅವರು ಬರದಿದ್ದರೆ ಮೊದಲು ನೀವೊಬ್ಬರೇ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ರಾತ್ರಿ ಅಮಲಿನಲ್ಲಿದ್ದಾಗ ಜಗಳ ಬೇಡ. ಬೆಳಗ್ಗೆ ಲೋಟ ನಡುಗುವ ಹೊತ್ತಿಗೆ ಪಕ್ಕದಲ್ಲಿ ಕೂತು ಹೇಳಿ: "ಕೈ ಹೀಗೆ ನಡುಗ್ತಿದೆಯಲ್ರೀ, ಇದನ್ನಾದರೂ ಡಾಕ್ಟರಿಗೆ ತೋರಿಸೋಣ ಬನ್ನಿ."