ಫೋನ್ ನನ್ನದು, ಟ್ಯಾಬ್ ಮನೆಯದ್ದು

ಐಪ್ಯಾಡ್ ಬರೋದಕ್ಕೆ ಒಂಬತ್ತು ವರ್ಷ ಮುಂಚೆ, 2001ರಲ್ಲೇ ಬೆಂಗಳೂರಿನಲ್ಲಿ ಅಂಗೈಯಗಲದ ಒಂದು ಕಂಪ್ಯೂಟರ್ ತಯಾರಾಗಿತ್ತು. ಹೆಸರು ಸಿಂಪ್ಯೂಟರ್. ಕೀಬೋರ್ಡ್ ಇಲ್ಲ, ಮೌಸ್ ಇಲ್ಲ. ಪರದೆಯನ್ನು ಪುಟ್ಟ ಕಡ್ಡಿಯಿಂದ ಮುಟ್ಟಿದರೆ ಸಾಕು. ಓದಲು ಬಾರದವರಿಗೆ ಕನ್ನಡದಲ್ಲೋ ಹಿಂದಿಯಲ್ಲೋ ಅದೇ ಓದಿ ಹೇಳುತ್ತಿತ್ತು. ಟಾಟಾ ಇನ್‌ಸ್ಟಿಟ್ಯೂಟ್ ಅಂತ ನಾವು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಎಂಬ ಬೆಂಗಳೂರಿನದೇ ಕಂಪನಿಯವರು ಸೇರಿ ಮಾಡಿದ ಕೆಲಸ ಇದು.

ಆ ಯಂತ್ರದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗೋದು ಅದರ ಸ್ಮಾರ್ಟ್ ಕಾರ್ಡ್. ಸುಮಾರು 200 ಡಾಲರ್‌ಗೆ ಯಂತ್ರ ಕೊಡಬೇಕು ಅನ್ನೋದು ಗುರಿ. ಆದರೆ ಆ ಕಾಲಕ್ಕೆ ಹತ್ತು ಸಾವಿರ ರೂಪಾಯಿ ಯಾವ ಕೂಲಿಕಾರನ ಕೈಲಿರುತ್ತೆ? ಅದಕ್ಕೇ ಅವರು ಬೇರೆ ಥರ ಯೋಚಿಸಿದರು. ಯಂತ್ರ ಊರಿಗೆ ಒಂದೇ ಇರಲಿ. ಪಂಚಾಯಿತಿಯಲ್ಲೋ, ಶಾಲೆಯಲ್ಲೋ, ಅಂಗಡಿಯಲ್ಲೋ ಇರಲಿ. ಊರವರ ಹತ್ತಿರ ಅಗ್ಗದ ಕಾರ್ಡ್ ಇರಲಿ. ಬೇಕಾದಾಗ ಬಾಡಿಗೆಗೆ ಪಡೆದು ಕಾರ್ಡ್ ತೂರಿಸಿದರೆ ಅವರವರ ಮಾಹಿತಿ ಪರದೆಗೆ ಬರುತ್ತೆ, ಕಾರ್ಡ್ ತೆಗೆದರೆ ಹೋಗುತ್ತೆ. ಯಂತ್ರ ಎಲ್ಲರದ್ದು, ಮಾಹಿತಿ ಮಾತ್ರ ನಿಮ್ಮದು.

2004ರಲ್ಲಿ ಬಿಇಎಲ್, ಅಂದರೆ ಸರ್ಕಾರಿ ಕಂಪನಿ ಭಾರತ್ ಎಲೆಕ್ಟ್ರಾನಿಕ್ಸ್, ಇದನ್ನು ‘ಅಮಿಡಾ ಸಿಂಪ್ಯೂಟರ್’ ಹೆಸರಲ್ಲಿ ತಯಾರಿಸಿತು. ಯಂತ್ರವನ್ನು ಸ್ವಲ್ಪ ವಾಲಿಸಿದರೆ ಪುಟ ತಿರುಗುತ್ತಿತ್ತು. ಐಫೋನ್ ಆಗಿನ್ನೂ ಹುಟ್ಟೇ ಇರಲಿಲ್ಲ! ಅಂದಾಜಿದ್ದದ್ದು 50 ಸಾವಿರ ಯಂತ್ರಗಳ ಮಾರಾಟ. 2005ರ ಹೊತ್ತಿಗೆ ಹೋಗಿದ್ದು ಸುಮಾರು 4 ಸಾವಿರ. ಅಷ್ಟರಲ್ಲಿ ಊರಿನ ಕಥೆಯೇ ಬದಲಾಗಿತ್ತು. 2003ರಲ್ಲಿ ಇನ್‌ಕಮಿಂಗ್ ಫ್ರೀ ಆಯಿತು, ಮೊಬೈಲ್ ರೇಟು ಇಳಿಯಿತು. ಹಂಚಿಕೊಳ್ಳುವ ಯಂತ್ರಕ್ಕಿಂತ ಜೇಬಲ್ಲಿಡುವ ಸ್ವಂತ ಫೋನೇ ಜನರಿಗೆ ಹಿಡಿಸಿತು. ತಪ್ಪೇನಿಲ್ಲ ಬಿಡಿ.

ಮುಂದೆ 2010ರ ಜನವರಿ 27ರಂದು ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್ ಸೋಫಾದ ಮೇಲೆ ಕೂತು ಐಪ್ಯಾಡ್ ತೋರಿಸಿದರು. ಬೆಲೆ 499 ಡಾಲರ್‌ನಿಂದ ಶುರು. ಒಂದು ಯಂತ್ರ, ಒಬ್ಬ ಯಜಮಾನ ಅನ್ನೋದು ಅದರ ಲೆಕ್ಕ. ಇವತ್ತಿಗೂ ಮನೆಯ ಐಪ್ಯಾಡ್‌ನಲ್ಲಿ ಇಬ್ಬರಿಗೆ ಬೇರೆ ಬೇರೆ ಲಾಗಿನ್ ಇಲ್ಲ. ಶಾಲೆಗಳಿಗೆ ಮತ್ತು ಆಫೀಸುಗಳಿಗೆ ಮಾತ್ರ ಆ ಅನುಕೂಲ ಇದೆ.

ನಮ್ಮ ಸರ್ಕಾರಕ್ಕೂ ಆಸೆ ಹುಟ್ಟಿತು. 2011ರ ಅಕ್ಟೋಬರ್ 5ರಂದು ಕೇಂದ್ರ ಸಚಿವ ಕಪಿಲ್ ಸಿಬಲ್ ‘ಆಕಾಶ್’ ಬಿಡುಗಡೆ ಮಾಡಿದರು. ‘ಜಗತ್ತಿನ ಅತಿ ಅಗ್ಗದ ಟ್ಯಾಬ್’ ಅಂತ ದೊಡ್ಡ ಸುದ್ದಿ. 7 ಇಂಚಿನ ಪರದೆ, 256 ಎಂಬಿ ರ‍್ಯಾಮ್. ಬೆರಳು ಸೋಕಿದರೆ ಸಾಲದು, ಒತ್ತಬೇಕಿತ್ತು. ಮುಂದಿನ ವರ್ಷ ಬಂದ ಆಕಾಶ್ 2ರಲ್ಲಿ ಪರದೆ ಸುಧಾರಿಸಿತು, ಆದರೆ ಅಷ್ಟರಲ್ಲಿ ಉತ್ಸಾಹ ಇಳಿದಿತ್ತು.

ಅದೇ 2011ರಲ್ಲಿ ಹೆಚ್ಚು ಸದ್ದಿಲ್ಲದೆ ಇನ್ನೊಂದು ಟ್ಯಾಬ್ ಮನೆ ಮನೆ ಬಾಗಿಲಿಗೆ ಬಂತು. ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಗೆ ಬಿಇಎಲ್ ನೇತೃತ್ವದಲ್ಲಿ ಸುಮಾರು 6.4 ಲಕ್ಷ ಟ್ಯಾಬ್ ಒದಗಿಸುವ ಯೋಜನೆ ಅದು. ಸಿಂಪ್ಯೂಟರ್ ಮಾಡಿದ ಕಂಪನಿಯೇ! ಬಾಗಿಲಲ್ಲಿ ಇಬ್ಬರು ನಿಲ್ಲುತ್ತಿದ್ದರು. ಗಣತಿದಾರರು ಪ್ರಶ್ನೆ ಕೇಳಬೇಕು, ಪಕ್ಕದ ಆಪರೇಟರ್ ಉತ್ತರ ತುಂಬಬೇಕು. ಮನೆಯವರು ಕತ್ತು ಚಾಚಿ ತಮ್ಮ ಹೆಸರು ಸರಿಯಾಗಿ ಬಂತಾ ಅಂತ ನೋಡೋರು. ಇವತ್ತು ಆ ಎರಡನೆಯವರು ಬೇಕಿಲ್ಲ. 2025ರಲ್ಲಿ ಕರ್ನಾಟಕದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಹೋದ ಮೇಷ್ಟ್ರು, ಮೇಡಂಗಳು ಮೊಬೈಲ್ ಆ್ಯಪ್‌ನಲ್ಲೇ ಎಲ್ಲಾ ತುಂಬಿದರು.

ಕೊರೊನಾ ಬಂದಾಗ ಟ್ಯಾಬ್‌ಗೆ ಮತ್ತೆ ಬೆಲೆ ಬಂತು. ಮನೆಗೊಂದೇ ಸ್ಮಾರ್ಟ್‌ಫೋನ್, ಅದು ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತೆ, ಮಗಳ ಕ್ಲಾಸು ಹತ್ತು ಗಂಟೆಗೆ. 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಪದವಿ, ಎಂಜಿನಿಯರಿಂಗ್, ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ ಸುಮಾರು 1.5 ಲಕ್ಷ ಟ್ಯಾಬ್ ಹಂಚಲು ಶುರು ಮಾಡಿತು. ವಿದ್ಯಾರ್ಥಿಯ ಹೆಸರಲ್ಲಿ ಕೊಟ್ಟರೂ ಮನೆಗೆ ಬಂದ ಮೇಲೆ ತಮ್ಮ ತಂಗಿ ಮುಟ್ಟದೇ ಇರ್ತಾರಾ?

ಟ್ಯಾಬ್ ಹೀಗೆ ಮನೆಯ ಸೊತ್ತಾಗಿ ಉಳಿಯೋದಕ್ಕೆ ದುಡ್ಡು ಬಿಟ್ಟು ಇನ್ನೊಂದು ಕಾರಣ ಇದೆ. ನಮ್ಮಲ್ಲಿ ಈಗ ಗುರುತೆಲ್ಲ ಸಿಮ್‌ಗೆ ಅಂಟಿಕೊಂಡಿದೆ. ಯುಪಿಐ ಶುರು ಮಾಡುವಾಗ ಆ್ಯಪ್ ನಿಮ್ಮ ಸಿಮ್‌ನಿಂದ ಒಂದು ಎಸ್ಎಂಎಸ್ ಕಳಿಸಿ ನಂಬರ್ ಖಚಿತ ಮಾಡಿಕೊಳ್ಳುತ್ತೆ. ಒಟಿಪಿ ಬರೋದೂ ಅದೇ ನಂಬರಿಗೆ. ಬರೀ ವೈಫೈ ಇರುವ ಟ್ಯಾಬ್ ಈ ಲೋಕದಿಂದ ಹೊರಗೆ. ದುಡ್ಡಿನ ವ್ಯವಹಾರ ಅದರಲ್ಲಿ ಅಷ್ಟಾಗಿ ಇಲ್ಲ, ಹಾಗಾಗಿ ಯಾರ ಕೈಗೆ ಕೊಟ್ಟರೂ ಭಯ ಕಡಿಮೆ.

ಆದ್ದರಿಂದಲೇ ಇರಬೇಕು, ನಾಲ್ಕಾರು ಕೈ ಮುಟ್ಟುವ ಜಾಗದಲ್ಲೆಲ್ಲ ಅದು ಸೇರಿಕೊಂಡಿದೆ. ಹೋಟೆಲ್ ಕೌಂಟರ್‌ನಲ್ಲಿ ಬಿಲ್ ಹಾಕೋದು ಅದರಲ್ಲೇ. ಅಪಾರ್ಟ್‌ಮೆಂಟ್ ಗೇಟಿನಲ್ಲಿ ಚಾರ್ಜರ್ ವೈರಿಗೆ ಕಟ್ಟಿಹಾಕಿದ ಟ್ಯಾಬ್ ಇರುತ್ತೆ, ಶಿಫ್ಟ್ ಬದಲಾದರೆ ವಾಚ್‌ಮನ್ ಬದಲಾಗ್ತಾರೆ, ಟ್ಯಾಬ್ ಅಲ್ಲೇ. ಸಂಗೀತ ಕಛೇರಿಯಲ್ಲೂ ನೋಡಿ, ಸಾಹಿತ್ಯದ ಪುಸ್ತಕ ಇಡುತ್ತಿದ್ದ ಸ್ಟ್ಯಾಂಡಿನಲ್ಲಿ ಈಗ ಟ್ಯಾಬ್. ಶ್ರುತಿಯೂ ಕೆಲವರಿಗೆ ಅದರಿಂದಲೇ. ಹಿರಿಯ ರಸಿಕರಿಗೆ ಇದು ಅಷ್ಟು ಹಿಡಿಸಲ್ಲ. ನನಗಂತೂ ಹಾಡು ಚೆನ್ನಾಗಿದ್ದರೆ ಸಾಕು.

ಆದರೆ ಮನೆಯಲ್ಲಿ ಈ ಹಂಚಿಕೆ ಸಲೀಸಾಗಿಲ್ಲ. ಬೆಳಿಗ್ಗೆ ಅಜ್ಜಿ ಅಕ್ಷರ ದೊಡ್ಡದು ಮಾಡಿಕೊಂಡು ವಿಷ್ಣು ಸಹಸ್ರನಾಮ ಹಾಕ್ತಾರೆ. ಮಧ್ಯಾಹ್ನ ಮೊಮ್ಮಗ ಊಟ ಮಾಡೋದು ಕಾರ್ಟೂನ್ ನೋಡ್ತಾ. ರಾತ್ರಿ ಅಪ್ಪನ ಕ್ರಿಕೆಟ್. ಮೂವರೂ ಒಂದೇ ಖಾತೆಯಲ್ಲಿ ನೋಡೋದರಿಂದ ಯೂಟ್ಯೂಬ್‌ಗೆ ಇದು ಒಬ್ಬನೇ ವಿಚಿತ್ರ ಮನುಷ್ಯ. ಸಹಸ್ರನಾಮ ಮುಗಿದ ತಕ್ಷಣ ಕಾರ್ಟೂನ್ ಟ್ರಕ್ ಬಂದು ನಿಲ್ಲುತ್ತೆ. ಅಪ್ಪನಿಗೆ ಬಂದ ಇಮೇಲನ್ನು ಮಗ ಅಳಿಸಿರ್ತಾನೆ.

ಇದಕ್ಕೆ ಪರಿಹಾರ ಇಲ್ಲ ಅಂತೇನಿಲ್ಲ. 2012ರಲ್ಲಿ ಆಂಡ್ರಾಯ್ಡ್ 4.2 ಬಂದಾಗ ಒಂದೇ ಯಂತ್ರದಲ್ಲಿ ಹಲವರಿಗೆ ಬೇರೆ ಬೇರೆ ಜಾಗ ಕೊಡುವ ಸೌಲಭ್ಯ ಸೇರಿಸಿದರು. ಅದೂ ಮೊದಲಿಗೆ ಟ್ಯಾಬ್‌ಗಳಲ್ಲಿ ಮಾತ್ರ, ಫೋನ್‌ಗಳಲ್ಲಿ ಇರಲಿಲ್ಲ. ಈಗಲೂ ಬಹಳಷ್ಟು ಆಂಡ್ರಾಯ್ಡ್ ಟ್ಯಾಬ್‌ಗಳ ಸೆಟ್ಟಿಂಗ್ಸ್‌ನಲ್ಲಿ ಅದು ಇದೆ. ಆದರೆ ಆಳು ಬದಲಾದಾಗಲೆಲ್ಲ ಹೆಸರು ಆರಿಸಿ, ಪಿನ್ ಒತ್ತಬೇಕು. ಅಜ್ಜಿಗೆ ಪಿನ್ ನೆನಪಿರಲ್ಲ, ಮೊಮ್ಮಗನಿಗೆ ಎಲ್ಲರ ಪಿನ್ನೂ ಗೊತ್ತು. ಕಾರ್ಡ್ ತೂರಿಸೋದೇ ಸುಲಭ ಇತ್ತು, ಅಲ್ವಾ?