ಅಕ್ಕಿಯ ನುಸಿ ಮತ್ತು ಮಾಗಳಿ ಬೇರು

ಗಂಗಾವತಿ, ಸಿಂಧನೂರು ಭಾಗದಲ್ಲಿ ಹಳೆಯ ಅಕ್ಕಿ ಚೀಲ ಬಿಚ್ಚಿದವರಿಗೆ ನುಸಿಯನ್ನು ಪರಿಚಯಿಸಬೇಕಾಗಿಲ್ಲ. ಎರಡು ಮೂರು ಮಿಲಿಮೀಟರ್ ಉದ್ದದ, ಸೊಂಡಿಲಿನಂಥ ಮೂತಿಯ ಈ ಹುಳು ಕಾಳನ್ನು ಕೊರೆದು, ಒಳಗೆ ಮೊಟ್ಟೆಯಿಟ್ಟು, ತೂತನ್ನು ಅಂಟಿನಿಂದ ಮುಚ್ಚಿಬಿಡುತ್ತದೆ. ಮರಿ ಕಾಳಿನೊಳಗೇ ತಿಂದು ಬೆಳೆಯುವುದರಿಂದ ಹಾನಿ ಮೊದಲಿಗೆ ಕಣ್ಣಿಗೆ ಬೀಳುವುದಿಲ್ಲ. ಬೆಚ್ಚಗಿನ ಗೋದಾಮಿನಲ್ಲಿ ಸುಮಾರು ಒಂದು ತಿಂಗಳಿಗೆ ಹೊಸ ತಲೆಮಾರು ಸಿದ್ಧವಾಗುತ್ತದೆ.

ಜೋಳವೇ ಪ್ರಧಾನವಾಗಿದ್ದ ಕಾಲದಲ್ಲಿ ಈ ಸೀಮೆಯವರು ಕಾಳನ್ನು ಹಗೇವಿನಲ್ಲಿ ಇಡುತ್ತಿದ್ದರು. ಬಾಯಿ ಮುಚ್ಚಿ ಮಣ್ಣು ಮೆತ್ತಿದ ಆ ನೆಲಗುಂಡಿಯಲ್ಲಿ ಕಾಳು ಮತ್ತು ಹುಳುಗಳ ಉಸಿರಾಟದಿಂದಲೇ ಆಮ್ಲಜನಕ ಕುಗ್ಗಿ, ಇಂಗಾಲದ ಡೈಆಕ್ಸೈಡ್ ತುಂಬಿಕೊಂಡು ಹುಳುಗಳು ಸಾಯುತ್ತಿದ್ದವು. ತೆರೆದ ಕೂಡಲೇ ಒಳಗಿಳಿದರೆ ಮನುಷ್ಯನಿಗೂ ಉಸಿರುಗಟ್ಟುತ್ತಿತ್ತು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಬಂದ ಮೇಲೆ, ಕಡಿಮೆ ನೀರು ಸಾಕಾಗುವ ಅರೆನೀರಾವರಿ ಬೆಳೆಗಳಿಗೆಂದು ಯೋಜಿಸಿದ್ದ ನೆಲವನ್ನು ಭತ್ತ ಆವರಿಸಿತು. ಹಗೇವಿನ ಜಾಗಕ್ಕೆ ಗೋಣಿಚೀಲ, ರೈಸ್ ಮಿಲ್ಲು, ಗೋದಾಮು ಬಂದವು. ನುಸಿಗೆ ಇದಕ್ಕಿಂತ ಒಳ್ಳೆಯ ಮನೆಯನ್ನು ನಾವು ಕಟ್ಟಿಕೊಡಲು ಸಾಧ್ಯವಿರಲಿಲ್ಲ. ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯ ಫಾಸ್ಫೀನ್ ಹೊಗೆ ಅದನ್ನು ಹತೋಟಿಯಲ್ಲಿಟ್ಟಿತಾದರೂ, ದಾಸ್ತಾನು ಕೀಟಗಳಲ್ಲಿ ಆ ವಿಷಕ್ಕೆ ನಿರೋಧಶಕ್ತಿ ಹುಟ್ಟಿರುವುದು 1970ರ ದಶಕದ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಸಮೀಕ್ಷೆಯಲ್ಲೇ ಕಂಡುಬಂದಿತ್ತು.

ಬದಲಿಯ ಹುಡುಕಾಟದಲ್ಲಿ ಮಾಗಳಿ ಬೇರಿನ ಹೆಸರು ಬಂತು. ಉಪ್ಪಿನಕಾಯಿಗೆ ಹಾಕುವ, ರಾಯಲಸೀಮೆಯಲ್ಲಿ ನನ್ನಾರಿ ಶರಬತ್ತಿಗೆ ಬಳಸುವ ಈ ಸುವಾಸನೆಯ ಬೇರು ಧಾನ್ಯವನ್ನು ಕೀಟಗಳಿಂದ ಕಾಯಬಲ್ಲದೆಂದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳು 1999ರಲ್ಲಿ ವರದಿ ಮಾಡಿದರು. (ಸೊಗದೆ ಬೇರನ್ನೂ ನನ್ನಾರಿ ಎನ್ನುವುದುಂಟು, ಅದು ಬೇರೆ ಗಿಡ.)

ತೊಡಕಿರುವುದು ಇಲ್ಲಿಯೇ. ದಕ್ಷಿಣ ಭಾರತದ ಒಣ ಕಲ್ಲುಗುಡ್ಡಗಳನ್ನು ಬಿಟ್ಟು ಬೇರೆಲ್ಲೂ ಸಹಜವಾಗಿ ಬೆಳೆಯದ ಮಾಗಳಿ ಬಳ್ಳಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪುಪಟ್ಟಿಯಲ್ಲಿ ಅಳಿವಿನಂಚಿನ ಸಸ್ಯವಾಗಿದೆ. ಬೇಕಾಗಿರುವುದು ಬೇರಾದ್ದರಿಂದ ಇಡೀ ಬಳ್ಳಿಯನ್ನೇ ಕೀಳುತ್ತಾರೆ. ಹೂವು ಬಿಟ್ಟರೂ ಕಾಯಿ ಕಚ್ಚುವುದು ಕಡಿಮೆ. ರೇಷ್ಮೆಯಂಥ ಕೂದಲಿನ ಬೀಜ ಗಾಳಿಯಲ್ಲಿ ಹಾರಿ ಹೋಗಬಲ್ಲದು, ಆದರೆ ಅದಕ್ಕೆ ಬಳ್ಳಿ ಕಾಯಿ ಮಾಗುವವರೆಗೆ ಉಳಿಯಬೇಕು. ಶರಬತ್ತು, ಉಪ್ಪಿನಕಾಯಿಗಳ ಬೇಡಿಕೆಯನ್ನೇ ತಾಳಲಾರದ ಬಳ್ಳಿಯ ಮೇಲೆ, ಹೊಲದಲ್ಲಿ ಬೆಳೆಯುವ ಏರ್ಪಾಡಿಲ್ಲದೆ, ಗೋದಾಮುಗಳ ಭಾರವನ್ನೂ ಹೊರಿಸುವುದು ಸರಿಯಲ್ಲ. ಅಲ್ಲಿಯವರೆಗೆ ಗಾಳಿಯಾಡದ ಚೀಲಗಳ ದಾರಿಯೇ ಮೇಲು. ಅವು ಹುಳುವನ್ನು ಕೊಲ್ಲುವುದು ಹಗೇವಿನ ಉಪಾಯದಿಂದಲೇ.