ಅಡಿಕೆ ಹಾಳೆಯಲ್ಲಿ ನಿಂತ ನೀರನ್ನು ಮಕ್ಕಳಿಗೆ ತೋರಿಸಿ

ನಮ್ಮ ಕಾಸರಗೋಡಿನಲ್ಲಿ ಶಾಲೆ ಶುರುವಾಗುವುದೂ ಮಳೆ ಹಿಡಿಯುವುದೂ ಜೂನ್‌ನಲ್ಲೇ. ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿರುವ ನನ್ನಂಥವರಿಗೆ ಅದು ಡೆಂಗ್ಯೂ ತಲೆನೋವು ಶುರುವಾಗುವ ತಿಂಗಳೂ ಹೌದು. ಮೊದಲೆಲ್ಲ ಶಾಲೆಗೆ ಹೋದರೆ ಅರ್ಧ ಗಂಟೆ ಭಾಷಣ ಮಾಡುತ್ತಿದ್ದೆ. ಪರಿಸರ ಸ್ವಚ್ಛವಾಗಿಡಿ, ನೀರು ನಿಲ್ಲಲು ಬಿಡಬೇಡಿ, ಹೀಗೆ. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಮನೆಯಂಗಳದಲ್ಲಿ ಏನೂ ಬದಲಾಗುತ್ತಿರಲಿಲ್ಲ.

ಈಗ ಭಾಷಣ ಬಿಟ್ಟಿದ್ದೇನೆ. ದಾರಿಯಲ್ಲಿ ಯಾವುದಾದರೂ ಅಡಿಕೆ ತೋಟಕ್ಕೆ ಇಳಿದು, ಬಿದ್ದ ಹಾಳೆಯಲ್ಲಿ, ಅಂದರೆ ಅಡಿಕೆ ಸೋಗೆಯ ಬುಡದ ಅಗಲ ಭಾಗದಲ್ಲಿ, ನಿಂತ ನೀರನ್ನು ಒಂದು ಬಾಟ್ಲಿಗೆ ತುಂಬಿಸಿಕೊಳ್ಳುತ್ತೇನೆ. ಕ್ಲಾಸಿನಲ್ಲಿ ಅದನ್ನು ಬಿಳಿ ಪಿಂಗಾಣಿ ತಟ್ಟೆಗೆ ಸುರಿಯುತ್ತೇನೆ. ಸ್ವಲ್ಪ ಹೊತ್ತು ಏನೂ ಕಾಣುವುದಿಲ್ಲ. ಆಮೇಲೆ ಸಣ್ಣ ಸಣ್ಣ ಹುಳಗಳು, ಸೊಳ್ಳೆಯ ಮರಿಗಳು, ಮೈ ಡೊಂಕು ಮಾಡಿಕೊಂಡು ಮೇಲೆ ಬರುತ್ತವೆ, ತಲೆ ಕೆಳಗೆ ಮಾಡಿ ನೇತಾಡುತ್ತವೆ. ಬಾಲದ ಹತ್ತಿರ ಒಂದು ಕೊಳವೆಯಿದೆ, ಅದರಿಂದಲೇ ಉಸಿರಾಟ. ತಟ್ಟೆಯ ಮೇಲೆ ಕೈಯ ನೆರಳು ಬಿದ್ದರೆ ಸಾಕು, ಎಲ್ಲ ಒಟ್ಟಿಗೆ ತಳಕ್ಕೆ ಇಳಿಯುತ್ತವೆ. ಆಗ ಹಿಂದಿನ ಬೆಂಚಿನವರೂ ಎದ್ದು ಬರುತ್ತಾರೆ.

ಒಬ್ಬ ಆ ಹುಳವನ್ನು ಮಲಯಾಳದಲ್ಲಿ ಕೂತ್ತಾಡಿ ಅನ್ನುತ್ತಾನೆ. ಒಬ್ಬಳ ಮನೆಯಲ್ಲಿ ಸೊಳ್ಳೆಗೆ ನುಸಿ ಅಂತಾರೆ, ತುಳು ಮನೆಯ ಹುಡುಗನಿಗೆ ಅದು ಉಮಿಲ್. ಇದು ಬಹಳ ಮುಖ್ಯ. ಕನ್ನಡ ಮಾಧ್ಯಮದ ಕ್ಲಾಸಿನ ಗೋಡೆಗೆ ಮಲಯಾಳ ಪೋಸ್ಟರ್ ಅಂಟಿಸಿ ಬಂದರೆ ಕೆಲಸ ಆಯಿತು ಅಂತ ಅಲ್ಲ. ಸಂಜೆ ಆ ಮಗು ಅಜ್ಜಿಗೆ ಹೇಳುವುದು ಮನೆಮಾತಿನಲ್ಲೇ ಅಲ್ವಾ? ಹಾಗಾಗಿ ಮಕ್ಕಳ ಬಾಯಿಂದ ಬಂದ ಹೆಸರುಗಳನ್ನೆಲ್ಲ ಬೋರ್ಡಿನ ಮೇಲೆ ಬರೆಯುತ್ತೇನೆ.

ಕೇರಳದಲ್ಲಿ ವಾರಕ್ಕೊಮ್ಮೆ ಡ್ರೈ ಡೇ, ಅಂದರೆ ನಿಂತ ನೀರನ್ನೆಲ್ಲ ಚೆಲ್ಲುವ ದಿನ, ಮಾಡಲು ಹೇಳುತ್ತಾರೆ. ಶುಕ್ರವಾರ ಶಾಲೆ, ಶನಿವಾರ ಆಫೀಸು, ಭಾನುವಾರ ಮನೆ. ಯಾಕೆ ವಾರಕ್ಕೊಮ್ಮೆ ಅಂತ ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕು. ಅದಕ್ಕೆ ಮೊದಲೇ ನೀರು ಚೆಲ್ಲಿದರೆ ಹುಳ ಮಣ್ಣಿನಲ್ಲೇ ಸಾಯುತ್ತದೆ. ಒಂದು ವಾರ ತಪ್ಪಿದರೆ ಅಷ್ಟೂ ಹಾರಿಹೋಗುತ್ತವೆ. ಮತ್ತೆ, ಸುಮ್ನೆ ಚೆಲ್ಲಿದರೆ ಸಾಲದು. ಡೆಂಗ್ಯೂ ಸೊಳ್ಳೆಯ ಮೊಟ್ಟೆ ಪಾತ್ರೆಯ ಒಳಗೋಡೆಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಉಳಿಯುತ್ತದೆ. ಡ್ರಮ್ಮು, ಬಕೆಟ್ಟನ್ನು ಉಜ್ಜಿ ತೊಳೆಯಲೇಬೇಕು.

ಒಮ್ಮೆ ಐದನೇ ಕ್ಲಾಸಿನ ಒಬ್ಬ ಹುಡುಗ ತಾನೇ ಒಂದು ಬಾಟ್ಲಿ ಹಿಡಿದುಕೊಂಡು ಬಂದ. "ಸಿಸ್ಟರೇ, ಇದು ತೋಟದ್ದಲ್ಲ, ನಮ್ಮ ಫ್ರಿಜ್ಜಿನ ಹಿಂದಿನ ಟ್ರೇಯದ್ದು" ಅಂದ. ನೋಡಿದರೆ ಒಳಗೆ ಹುಳಗಳು! ಅವನ ತಾಯಿಗೆ ಅಲ್ಲೊಂದು ಟ್ರೇ ಇದೆ ಅಂತಲೇ ಗೊತ್ತಿರಲಿಲ್ಲವಂತೆ. ಮುಂದಿನ ವಾರ ಬೇರೆ ಮಕ್ಕಳೂ ಹುಡುಕಿಕೊಂಡು ಬಂದರು. ರಬ್ಬರ್ ಮರಕ್ಕೆ ಕಟ್ಟಿದ ತೆಂಗಿನ ಗೆರಟೆ, ಕೊಕ್ಕೋ ಸಿಪ್ಪೆ, ಟರ್ಪಾಲಿನ ಮಡಿಕೆ, ಅಡಿಕೆಗೆ ಮದ್ದು ಬಿಡುವ ಡ್ರಮ್ಮು. ಯಾವ ಪೋಸ್ಟರಿನಲ್ಲೂ ಇಷ್ಟು ಜಾಗಗಳ ಹೆಸರು ನಾನು ಓದಿಲ್ಲ.

ಜ್ವರ ಜಾಸ್ತಿಯಾದರೆ ಜನ ಹೊಗೆ ಬಿಡಿಸಿ ಅಂತ ಪಂಚಾಯತಿಗೆ ಫೋನ್ ಮಾಡುತ್ತಾರೆ. ಹೊಗೆಗೆ ಹಾರುವ ಸೊಳ್ಳೆ ಸಾಯುತ್ತದೆ, ನೀರಿನಲ್ಲಿರುವ ಹುಳ ಸಾಯುವುದಿಲ್ಲ. ನಾಲ್ಕು ದಿನದಲ್ಲಿ ಮತ್ತೆ ಅದೇ ಕಥೆ.

ಮಗುವಿಗೆ ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ ಕೊಡಿ, ಅದೂ ತೂಕಕ್ಕೆ ಸರಿಯಾಗಿ. ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವ ಹೆಚ್ಚಾಗಬಹುದು. ಗಂಜಿ ತಿಳಿ, ಎಳನೀರು ಕುಡಿಸುತ್ತಾ ಇರಿ. ಜ್ವರ ಇಳಿಯಿತು ಅಂತ ನಿಶ್ಚಿಂತರಾಗಬೇಡಿ. ಡೆಂಗ್ಯೂವಿನಲ್ಲಿ ಅಪಾಯ ಹೆಚ್ಚಾಗಿ ಬರುವುದೇ ಜ್ವರ ಇಳಿಯುವ ಆ ಹೊತ್ತಿಗೆ, 3ರಿಂದ 7ನೇ ದಿನದೊಳಗೆ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮಂಪರು, ಮೂತ್ರ ಕಡಿಮೆ, ಇವುಗಳಲ್ಲಿ ಒಂದು ಕಂಡರೂ ಪಪ್ಪಾಯಿ ಎಲೆಯ ರಸ ಹಿಂಡುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಹೊರಡಿ.

ಇನ್ನು ಹೆತ್ತವರಲ್ಲಿ ಒಂದು ಮಾತು. ಭಾನುವಾರ ಮಗು "ಬನ್ನಿ, ತೋಟ ನೋಡುವ" ಅಂದರೆ "ಆಮೇಲೆ" ಅನ್ನಬೇಡಿ, ಜೊತೆಗೆ ಹೋಗಿ. ಹಾಳೆ ಮಗುಚಿ ಹಾಕುವುದು ಮಕ್ಕಳಿಂದ ಆಗುತ್ತದೆ. ಟಾಂಕಿಯ ಮುಚ್ಚಳ, ಮಾಡಿನ ಮಳೆನೀರು ಹರಿಯುವ ದಂಬೆಯಲ್ಲಿ ಕಟ್ಟಿದ ತರಗೆಲೆ ನೋಡಲು ಅವರನ್ನು ಹತ್ತಿಸಬೇಡಿ. ಅದು ದೊಡ್ಡವರ ಕೆಲಸ.